ಕರಿಕಲ್ಲ ಕೊಡಲಿಯಿಂದ ಹತ್ತೊಂಬತ್ತನೇ ಗೇಟಿನವರೆಗೆ

ಬಳ್ಳಾರಿಯಿಂದ ಹೊಸಪೇಟೆಗೆ ಅರವತ್ತು ಚಿಲ್ಲರೆ ಕಿಲೋಮೀಟರ್. ಎಡಬಲಕ್ಕೆ ಗುಂಡುಗಲ್ಲಿನ ಗುಡ್ಡಗಳು, ಜೋಳದ ಹೊಲ, ಅದಿರಿನ ಕೆಂಪು ಧೂಳು ಮೆತ್ತಿಕೊಂಡ ಜಾಲಿ, ಮುಗಿಯದ ಲಾರಿ ಸಾಲು. ಹಂಪಿಗೆ ಹೊರಟವರು ಈ ದಾರಿ ಬೇಗ ಸವೆದರೆ ಸಾಕು ಎಂದು ಕಣ್ಣು ಮುಚ್ಚಿ ಕೂತುಬಿಡುತ್ತಾರೆ. ಈ ಸಲ ನಾನು ಬಂದದ್ದು ಈ ದಾರಿಯನ್ನೇ ನೋಡಲು. ಕಲ್ಲನ್ನು ಉಜ್ಜಿ ಕೊಡಲಿ ಮಾಡಿದವರು, ದನ ಪಳಗಿಸಿದವರು, ಕಬ್ಬಿಣ ಕರಗಿಸುವವರು, ಹೊಳೆಯ ದಿಕ್ಕು ತಿರುಗಿಸಿದವರು ಎಲ್ಲರೂ ಇದರ ಅಕ್ಕಪಕ್ಕದಲ್ಲೇ ಕೆಲಸ ಮಾಡಿದ್ದಾರೆ. ನಾಲ್ಕು ಸಾವಿರ ವರ್ಷಗಳ ಮನುಷ್ಯನ ಕಸುಬು ಒಂದೇ ರಸ್ತೆಯಲ್ಲಿ ಹೀಗೆ ಒಂದರ ಹಿಂದೆ ಒಂದು ಸಿಗುವ ಜಾಗ ಜಗತ್ತಿನಲ್ಲಿ ಎಷ್ಟಿರಬಹುದು!

ಮೊದಲ ನಿಲುಗಡೆ ಬಳ್ಳಾರಿ ಊರಲ್ಲೇ. ಇಲ್ಲಿನ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಜೊತೆ ಸಂಗನಕಲ್ಲಿನ ಹೆಸರನ್ನೂ ಸೇರಿಸಿದ್ದಾರೆ. ಫೂಟ್ ಭೂವಿಜ್ಞಾನಿ. ಸರ್ಕಾರ ಅವರನ್ನು ಕಳಿಸಿದ್ದು ಬಂಡೆಗಳ ನಕ್ಷೆ ಬರೆಯಲು. 1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಅವರ ಕೈಗೆ ಸಿಕ್ಕ ಒಂದು ಕಲ್ಲು, ಮನುಷ್ಯ ಕೆತ್ತಿದ ಆಯುಧ ಎಂದು ಅವರಿಗೆ ಹೊಳೆಯಿತು. ಭಾರತದ ಪ್ರಾಗಿತಿಹಾಸದ ಓದು ಶುರುವಾದದ್ದು ಅಲ್ಲಿಂದ. ಆಮೇಲೆ ಬಳ್ಳಾರಿ ಸೀಮೆಯ ಗುಡ್ಡ ಅಲೆಯುವಾಗ ಅವರಿಗೆ ಕಂಡದ್ದು ಬಿಡಿ ಆಯುಧವಲ್ಲ, ಆಯುಧ ತಯಾರಾಗುತ್ತಿದ್ದ ಜಾಗವೇ.

ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಅಲ್ಲಿ ತಯಾರಾದ ಕಲ್ಲಿನ ಕೊಡಲಿಗಳನ್ನು ಸಾಲಾಗಿ ಇಟ್ಟಿದ್ದಾರೆ. ಕಪ್ಪು, ನುಣುಪು, ಅಂಗೈಯಲ್ಲಿ ಹಿಡಿಯುವ ಅಳತೆ. ಹಿಂಬದಿ ಕಿರಿದಾಗಿ ಮೊನೆಯಾಗುತ್ತದೆ, ಮುಂದೆ ಬಾಯಿ ಬಿಲ್ಲಿನ ಹಾಗೆ ಬಾಗಿದೆ. ಎರಡೂ ಮಗ್ಗುಲು ಎಷ್ಟು ಸಮವಾಗಿವೆ ಎಂದರೆ, ಅಳತೆಗೋಲು ಇಲ್ಲದ ಕೈ ಇದನ್ನು ಮಾಡಿತು ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಕೆಲವಕ್ಕೆ ಬಾಯಿ ಮುಕ್ಕಾಗಿದೆ, ಅದನ್ನು ಮತ್ತೆ ಉಜ್ಜಿ ಹರಿತ ಮಾಡಿದ್ದಾರೆ. ಉಜ್ಜುವ ಶ್ರಮ ಯಾಕೆ ಎಂಬುದಕ್ಕೆ ಉತ್ತರ ಆ ಮುಕ್ಕಿನಲ್ಲೇ ಇದೆ. ಬರಿದೇ ಒಡೆದು ಮಾಡಿದ ಅಂಚು ಬಲು ಹರಿತ, ಆದರೆ ಮರಕ್ಕೆ ನಾಲ್ಕು ಏಟು ಬೀಳುವಷ್ಟರಲ್ಲಿ ಚೂರು ಹಾರುತ್ತದೆ. ನುಣ್ಣಗೆ ಉಜ್ಜಿದ ಅಂಚು ಏಟನ್ನು ತಡೆದುಕೊಳ್ಳುತ್ತದೆ, ಸವೆದರೆ ಮತ್ತೆ ಉಜ್ಜಬಹುದು. ಕಾವು ಮುರಿದರೆ ಬದಲಿಸಬಹುದು. ಒಂದು ತಲೆಮಾರು ಬಾಳುವ ಸಾಮಾನು ಅದು.

ಆ ಕೊಡಲಿಗಳು ತಯಾರಾದ ಜಾಗ ಸಂಗನಕಲ್ಲಿನ ಹಿರೇಗುಡ್ಡ. ಅದು ಬಳ್ಳಾರಿ ಊರಿನ ಹೊರಗೆ, ಈಶಾನ್ಯಕ್ಕೆ. ಬಾಡಿಗೆ ಕಾರಿನ ಚಾಲಕ ಬಳ್ಳಾರಿಯವನೇ, ಹಿಂದೆ ತೋರಣಗಲ್ಲಿನಲ್ಲಿ ಗುತ್ತಿಗೆ ಕೆಲಸಕ್ಕಿದ್ದವನು. ‘ಹಿರೇಗುಡ್ಡಕ್ಕಾ? ಅಲ್ಲಿ ಏನೈತ್ರಿ ಸರ, ಬರೇ ಕಲ್ಲು’ ಎಂದ. ಹತ್ತಲು ಶುರುಮಾಡಿದ ಮೇಲೆ ಅವನೇ ನನಗಿಂತ ಮುಂದೆ ಹೋದ.

ಈ ಗುಡ್ಡಗಳು ಬಹುಪಾಲು ಗ್ರಾನೈಟ್, ಬೂದು-ಗುಲಾಬಿ ಬಣ್ಣದ ದಪ್ಪ ಕಾಳಿನ ಕಲ್ಲು. ಕೊಡಲಿಗೆ ಅದು ಒಗ್ಗುವುದಿಲ್ಲ, ಕಾಳು ಕಾಳಾಗಿ ಉದುರುತ್ತದೆ. ಆದರೆ ಬಹಳ ಹಿಂದೆ ಈ ಗ್ರಾನೈಟ್ ಬಿರುಕು ಬಿಟ್ಟಾಗ ಕೆಳಗಿನಿಂದ ಕರಗಿದ ಶಿಲೆ ಆ ಬಿರುಕಿಗೆ ನುಗ್ಗಿ ಗಟ್ಟಿಯಾಯಿತು. ಡಾಲರೈಟ್ ಎಂಬ ಆ ಕರಿಕಲ್ಲು ಗುಡ್ಡದ ಮೈಮೇಲೆ ಪಟ್ಟೆಯಾಗಿ ಓಡುತ್ತದೆ. ಕಾಳು ಸಣ್ಣ, ಒಳಗೆ ಒಂದೇ ಸಮ, ಹೊಡೆದರೆ ಹೇಳಿದ ಕಡೆ ಸೀಳುತ್ತದೆ. ನೂರಾರು ಗುಡ್ಡಗಳ ನಡುವೆ ಈ ಪಟ್ಟೆಯನ್ನೇ ಗುರುತಿಸಿ ಇದೇ ಸರಿ ಎಂದವರ ಕಣ್ಣಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಮೇಲೆ ಹೋದರೆ ಕಾಲಿಟ್ಟಲ್ಲೆಲ್ಲ ಕರಿಕಲ್ಲಿನ ಚಕ್ಕೆ. ನೆಲವೇ ಚಕ್ಕೆಯಿಂದ ಆದ ಹಾಗೆ. ಪುರಾತತ್ವಜ್ಞರಾದ ರವಿ ಕೋರಿಶೆಟ್ಟರ್, ನಿಕೋಲ್ ಬೋವಿನ್ ಮತ್ತು ಅವರ ಜೊತೆಗಾರರು ಇಲ್ಲಿ ಅಗೆದಾಗ, ಕಲ್ಲಿನ ಗೋಡೆ ಸುತ್ತಿದ ಒಂದು ಜಾಗದಲ್ಲಿ ಇಂಥ ಚೂರುಗಳು ರಾಶಿ ರಾಶಿಯಾಗಿ ಸಿಕ್ಕವು. ಅದು ಕೊಡಲಿ ಮಾಡುವವರ ಕಮ್ಮಟ. ಅದರ ಭರಾಟೆಯ ಕಾಲ ಕ್ರಿ.ಪೂ. 1400ರಿಂದ 1200ರ ನಡುವೆ. ಇಲ್ಲಿ ತಯಾರಾದದ್ದು ಈ ಊರಿನ ಅಗತ್ಯಕ್ಕಿಂತ ಎಷ್ಟೋ ಹೆಚ್ಚು. ಅಂದರೆ ಕೊಡಲಿ ಹೊರಗೆ ಹೋಗುತ್ತಿತ್ತು, ಬದಲಿಗೆ ಏನೋ ಒಳಗೆ ಬರುತ್ತಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆಲಸ ನಡೆದ ಬಗೆ. ಕರಿಪಟ್ಟೆಯಿಂದ ಕಲ್ಲು ಕೀಳುವುದು ಒಂದು ಕಡೆ. ಅದನ್ನು ಒರಟಾಗಿ ಒಡೆದು ಕೊಡಲಿಯ ಆಕಾರಕ್ಕೆ ತರುವುದು ಇನ್ನೊಂದು ಕಡೆ. ಮೈಮೇಲಿನ ಉಬ್ಬುಗಳನ್ನು ಸಣ್ಣ ಸಣ್ಣ ಏಟಿನಿಂದ ಕುಟ್ಟಿ ಇಳಿಸುವುದು ಮೂರನೆಯ ಹಂತ. ಕೊನೆಗೆ ಗ್ರಾನೈಟ್ ಬಂಡೆಯ ಮೇಲೆ ನೀರು ಮರಳು ಹಾಕಿ ಗಂಟೆಗಟ್ಟಲೆ ಉಜ್ಜುವುದು. ಆ ಬಂಡೆಗಳ ಮೇಲೆ ಉಜ್ಜಿ ಉಜ್ಜಿ ಬಿದ್ದ ಉದ್ದನೆಯ ತಗ್ಗುಗಳು ಇವತ್ತಿಗೂ ಹಾಗೆಯೇ ಇವೆ. ಬೆರಳಿಟ್ಟರೆ ಜಾರುತ್ತದೆ, ಅಷ್ಟು ನುಣುಪು. ಕೊಡಲಿ ಹೋದ ಊರು ಯಾವುದೋ, ಅದನ್ನು ಉಜ್ಜಿದ ಬಂಡೆ ಮಾತ್ರ ಇಲ್ಲೇ ಇದೆ.

ಕಾರ್ಖಾನೆ ಎಂದರೆ ಯಂತ್ರ, ಉಗಿ, ಇಂಗ್ಲೆಂಡ್ ಎಂದು ನಾವು ಶಾಲೆಯಲ್ಲಿ ಓದಿಕೊಂಡು ಬಂದಿದ್ದೇವೆ. ಹಿರೇಗುಡ್ಡದ ಮೇಲೆ ನಿಂತ ಮೇಲೆ ನನಗೆ ಆ ಪಾಠ ಸಾಕೆನಿಸಲಿಲ್ಲ. ಒಂದು ಕೆಲಸವನ್ನು ಹಂತಗಳಾಗಿ ಬಿಡಿಸಿ, ಹಂತಕ್ಕೊಂದು ಜಾಗ ಗೊತ್ತು ಮಾಡಿ, ಒಂದೇ ಅಚ್ಚಿನ ಸರಕನ್ನು ಮತ್ತೆ ಮತ್ತೆ ಮಾಡುವ ಯೋಚನೆ ಇದೆಯಲ್ಲ, ಕಾರ್ಖಾನೆಯ ಜೀವ ಅದು. ಯಂತ್ರ ಬಂದದ್ದು ಆಮೇಲೆ. ಈ ಯೋಚನೆ ಬಳ್ಳಾರಿಯ ಬಿಸಿಲಿನಲ್ಲಿ ಮೂರು ಸಾವಿರದ ನಾನೂರು ವರ್ಷಗಳ ಹಿಂದೆಯೇ ಕೆಲಸ ಮಾಡುತ್ತಿತ್ತು. ಮುಂದಿನ ದಾರಿಯುದ್ದಕ್ಕೂ ನನ್ನ ಕಣ್ಣು ಇದನ್ನೇ ಹುಡುಕಿತು.

ಕಪ್ಪಗಲ್ಲಿನ ಕಡೆ ಕರಿಕಲ್ಲಿನ ಗುಂಡುಗಳ ಮೇಲೆ ಚಿತ್ರಗಳಿವೆ. 1892ರಲ್ಲಿ ಫಾಸೆಟ್ ಎಂಬುವರು ಇವುಗಳ ಬಗ್ಗೆ ಬರೆದಿದ್ದರು. ಉದ್ದ ಕೋಡಿನ, ಡುಬ್ಬದ ಎತ್ತುಗಳೇ ಎಲ್ಲೆಲ್ಲೂ. ನಡುವೆ ಕುಣಿಯುವ ಮನುಷ್ಯರು. ಅವನ್ನು ಬಿಡಿಸಿದ್ದಲ್ಲ, ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮೂಡಿಸಿದ್ದು. ಅಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ನಮ್ಮನ್ನು ಚಿತ್ರವಿಲ್ಲದ ಒಂದು ಗುಂಡಿನ ಹತ್ತಿರ ಕರೆದೊಯ್ದ. ಅದರ ಮೈಮೇಲೆ ಬಟ್ಟಲಿನಂಥ ಸಣ್ಣ ಕುಳಿಗಳು. ‘ಈ ಕುಣ್ಯಾಗ ಬಡೀರಿ, ಮೆಲ್ಲಕ’ ಎಂದ. ಬೆಣಚುಕಲ್ಲಿನಿಂದ ಮೆಲ್ಲಗೆ ತಟ್ಟಿದೆ. ಕಲ್ಲು ಕಂಚಿನ ಹಾಗೆ ನುಡಿಯಿತು! ಪಕ್ಕದ ಕುಳಿಗೆ ಬೇರೆ ಸ್ವರ. ಅಜ್ಜ ನಮ್ಮ ಮುಖ ನೋಡಿ ನಗುತ್ತಿದ್ದ. ಆ ಕುಳಿಗಳು ಆದದ್ದೇ ಹೀಗೆ ಬಡಿದು ಬಡಿದು. ಕೊಡಲಿ ಮಾಡಲು ಆರಿಸಿಕೊಂಡ ಕಲ್ಲಿನಲ್ಲೇ ಅವರು ವಾದ್ಯವನ್ನೂ ಕಂಡುಕೊಂಡಿದ್ದರು. ಏಟು ಹಾಕುವಾಗ ಬಂದ ಸದ್ದಿನಿಂದಲೇ ಕಲ್ಲಿನೊಳಗೆ ಬಿರುಕಿದೆಯೋ ಇಲ್ಲವೋ ಎಂದು ಅವರು ತಿಳಿಯುತ್ತಿದ್ದಿರಬೇಕು ಎಂದು ನನಗನಿಸಿತು. ಕಲ್ಲುಕುಟಿಗರು ಇವತ್ತಿಗೂ ಮಾಡುವುದು ಅದನ್ನೇ. ಸಂಕಟದ ಸಂಗತಿ ಎಂದರೆ, ಈ ಗುಡ್ಡದ ಒಂದು ಭಾಗ ಜಲ್ಲಿಯಾಗಿ ಒಡೆದು ಹೋಗಿದೆ. ನುಡಿಯುವ ಕಲ್ಲನ್ನು ಪುಡಿಮಾಡಿ ರಸ್ತೆಗೆ ಹಾಕುವಷ್ಟು ಕಲ್ಲಿನ ಬಡತನ ಬಳ್ಳಾರಿಗೆ ಯಾವತ್ತೂ ಇರಲಿಲ್ಲ.

ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಹುರುಳಿ ಸಾರು. ಆ ತಾಟಿನಲ್ಲೂ ಇದೇ ಕಥೆ ಇತ್ತು. ಸಂಗನಕಲ್ಲಿನಲ್ಲಿ ಅಗೆದ ಮಣ್ಣನ್ನು ನೀರಿಗೆ ಸುರಿದರೆ ಸುಟ್ಟು ಕರಕಾದ ಕಾಳುಗಳು ತೇಲುತ್ತವೆ. ಪುರಾತತ್ವಜ್ಞ ಡೋರಿಯನ್ ಫುಲ್ಲರ್ ಅವುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಗುರುತಿಸಿದರು. ಹುರುಳಿ, ಹೆಸರು, ಕೊರಲೆ. ಇವು ಎಲ್ಲಿಂದಲೋ ತಂದ ಬೆಳೆಗಳಲ್ಲ, ಈ ಒಣ ದಖ್ಖನ್ನಿನ ರೈತರೇ ಕಾಡು ಗಿಡದಿಂದ ಪಳಗಿಸಿಕೊಂಡವು ಎಂಬುದು ಅವರ ತೀರ್ಮಾನ. ಜೋಳ ಆಫ್ರಿಕಾದಿಂದ ಬಂದ ನೆಂಟ, ಹುರುಳಿ ಮನೆಯವಳು. ಕಾಳು ತಾನಾಗಿ ಉದುರದೆ ಗಿಡದಲ್ಲೇ ನಿಲ್ಲುವ ಬೀಜವನ್ನು ವರ್ಷ ವರ್ಷ ಆರಿಸಿ ಬಿತ್ತುವುದು ಕೊಡಲಿಗಿಂತ ದೊಡ್ಡ ಕಸುಬು, ಮಾಡಿದವರ ಆಯುಸ್ಸಿನಲ್ಲಿ ಮುಗಿಯದ ಕಸುಬು.

ಕುಡತಿನಿ ದಾಟಿದ ಮೇಲೆ ರಸ್ತೆ ಬದಿಗೆ ಒಂದು ಬೂದು ದಿಬ್ಬ ಸಿಗುತ್ತದೆ. ಗೊತ್ತಿಲ್ಲದಿದ್ದರೆ ಯಾರೂ ತಿರುಗಿಯೂ ನೋಡರು. ಹತ್ತಿರ ಹೋದರೆ ಮಣ್ಣಲ್ಲ, ಬೂದಿ. ಪದರ ಪದರವಾದ ಬೂದಿ. ನಡುನಡುವೆ ಗಾಜಿನಂತೆ ಕರಗಿ ಗಟ್ಟಿಯಾದ ಗಂಟುಗಳು, ಅಲ್ಲಲ್ಲಿ ಗುಳ್ಳೆ ಗುಳ್ಳೆ. ಬಳ್ಳಾರಿ, ರಾಯಚೂರು, ಸುರಪುರ ಸೀಮೆಯಲ್ಲಿ ಇಂಥವು ಹಲವು. ಹಂಪಿ ಮಗ್ಗುಲಿನ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆ ಎನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ಮೊದಲ ಅರ್ಧದಲ್ಲೇ ಕ್ಯಾಪ್ಟನ್ ನ್ಯೂಬೋಲ್ಡ್ ಈ ದಿಬ್ಬಗಳ ಬಗ್ಗೆ ಬರೆದರು. ಜ್ವಾಲಾಮುಖಿಯೇ? ಕಬ್ಬಿಣ ಕರಗಿಸಿದ ಕಿಟ್ಟವೇ? ವಾದ ನೂರು ವರ್ಷ ನಡೆಯಿತು. ದನಕ್ಕೂ ಇದಕ್ಕೂ ನಂಟಿದೆ ಎಂದು ಫೂಟ್ ಊಹಿಸಿದ್ದರು. ಕೊನೆಗೆ ಝಾಯ್ನರ್ ಎಂಬ ವಿಜ್ಞಾನಿ ಪರೀಕ್ಷೆ ಮಾಡಿ ಇದು ಸಗಣಿಯ ಬೂದಿಯೇ ಎಂದು ತೋರಿಸಿದರು. 1957ರಲ್ಲಿ ಉತ್ನೂರಿನ ದಿಬ್ಬವನ್ನು ಅಗೆದ ರೇಮಂಡ್ ಆಲ್ಚಿನ್ ಅವರಿಗೆ ಬೂದಿಯ ಪದರದಲ್ಲಿ ದನದ ಗೊರಸಿನ ಗುರುತುಗಳೇ ಸಿಕ್ಕವು.

ಅಂದರೆ ಇಲ್ಲಿ ದೊಡ್ಡಿ ಇತ್ತು. ನೂರಾರು ದನ ಕೂಡುತ್ತಿದ್ದವು. ಸಗಣಿ ರಾಶಿಯಾದ ಮೇಲೆ ಅದಕ್ಕೆ ಬೆಂಕಿ ಇಡುತ್ತಿದ್ದರು, ಮತ್ತೆ ಮತ್ತೆ, ತಲೆಮಾರುಗಳ ತನಕ. ಯಾಕೆ ಎಂದು ಇವತ್ತಿಗೂ ಚರ್ಚೆ ಇದೆ. ಆಲ್ಚಿನ್ ಅದನ್ನು ಹಬ್ಬದ ಬೆಂಕಿ ಎಂದರು. ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡ ನಮಗೆ ಆ ಮಾತು ಪಟ್ಟನೆ ಒಪ್ಪಿಗೆಯಾಗುತ್ತದೆ. ಹಾಲಿಗೆ, ಹೊರೆಗೆ, ಗೊಬ್ಬರಕ್ಕೆ, ಇಂಧನಕ್ಕೆ ಒಂದು ಪ್ರಾಣಿಯನ್ನು ಮನೆಗೆ ಕರೆತಂದದ್ದು ಎಂಥ ದಿಟ್ಟ ಕೆಲಸ ಎಂದು ನಾವು ಯೋಚಿಸುವುದೇ ಇಲ್ಲ, ಅದು ನಮಗೆ ಅಷ್ಟು ಮಾಮೂಲಿ. ಆ ದಿಬ್ಬದ ಮೇಲೆ ನಿಂತಾಗ ನನ್ನ ಕಾಲ ಕೆಳಗೆ ಇದ್ದದ್ದು ಎಷ್ಟೋ ಸಾವಿರ ಸಂಜೆಗಳಲ್ಲಿ ಮನೆಗೆ ಮರಳಿದ ಹಟ್ಟಿಯ ದನಗಳ ಲೆಕ್ಕಪತ್ರ.

ಮೈ ಝುಂ ಎಂದದ್ದು ತಲೆ ಎತ್ತಿದಾಗ. ಕುಡತಿನಿಯಲ್ಲೇ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಮೂರು ಘಟಕ, ಒಟ್ಟು 1700 ಮೆಗಾವಾಟ್. ಹೊಗೆಗೊಳವೆಗಳು ಆಕಾಶಕ್ಕೆ ನಿಂತಿವೆ. ಅಲ್ಲಿಯೂ ಬೆಂಕಿ, ಅಲ್ಲಿಯೂ ಬೂದಿ. ಕಲ್ಲಿದ್ದಲಿನ ಬೂದಿ ಸಿಮೆಂಟಿಗೆ ಹೋಗುತ್ತದೆ. ಹಳೆಯ ದಿಬ್ಬಗಳ ಬೂದಿಯನ್ನು ರೈತರು ಅಗೆದು ಹೊಲಕ್ಕೆ ಹಾಕಿಕೊಂಡರು. ನಾಲ್ಕು ಸಾವಿರ ವರ್ಷದ ಅಂತರದ ಎರಡು ಬೂದಿ ರಾಶಿಗಳು ಒಂದೇ ಊರಿನ ಹೆಸರಲ್ಲಿ.

ತೋರಣಗಲ್ಲು ಹತ್ತಿರ ಬಂದಂತೆ ಗಾಳಿಯ ಬಣ್ಣವೇ ಬೇರೆ. ಜಿಂದಾಲ್ ಉಕ್ಕಿನ ಕಾರ್ಖಾನೆ ದೇಶದ ಅತಿ ದೊಡ್ಡವುಗಳಲ್ಲಿ ಒಂದು. ದಕ್ಷಿಣಕ್ಕೆ ಸಂಡೂರಿನ ಬೆಟ್ಟಸಾಲು. ಸುಮಾರು ಇನ್ನೂರೆಪ್ಪತ್ತು ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣ ಈಗ ಬೆಟ್ಟವಾಗಿ ನಿಂತಿದೆ. ಚಾಲಕನಿಗೆ ಇಲ್ಲಿ ಮಾತು ಬಂತು. ‘ಫರ್ನೇಸ್ ಒಮ್ಮಿ ಹೊತ್ತಿಸಿದ್ರ ಮುಗೀತ್ರಿ ಸರ, ವರ್ಷಗಟ್ಲೆ ಆರಂಗಿಲ್ಲ. ಹಬ್ಬಾನೂ ಇಲ್ಲ, ರಾತ್ರೀನೂ ಇಲ್ಲ. ಮ್ಯಾಲಿಂದ ಅದಿರು, ಕೋಕು ಹಾಕ್ತಾನೇ ಇರಬೇಕು, ಕೆಳಗ ಕಬ್ಬಿಣ ಹರೀತಾನೇ ಇರಬೇಕು.’ ಹಗಲಿರುಳಿನ ಪಾಳಿಗಳಲ್ಲಿ ಒಂದು ಬೆಂಕಿಯನ್ನು ಕಾಯುವ ಕೆಲಸ. ಹೇಳುವಾಗ ಅವನ ದನಿಯಲ್ಲಿ ಹೆಮ್ಮೆ ಇತ್ತು, ಇರಬೇಕಾದದ್ದೇ.

ಹಳೆಯ ಕುಲುಮೆಯಲ್ಲಿ ಹೀಗಿರಲಿಲ್ಲ. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಕ್ರಿ.ಪೂ. 1000ರ ಹೊತ್ತಿಗೇ ಕಬ್ಬಿಣ ಬಂದಿತ್ತು. ಮಣ್ಣಿನ ಕುಲುಮೆ, ಇದ್ದಿಲು, ಚರ್ಮದ ತಿದಿ. ಕಬ್ಬಿಣ ಕರಗಲು 1538 ಡಿಗ್ರಿ ಬೇಕು, ತಿದಿಯ ಗಾಳಿಗೆ ಆ ಕಾವು ಏರುತ್ತಿರಲಿಲ್ಲ. ಆದ್ದರಿಂದ ಕಬ್ಬಿಣ ಕರಗುತ್ತಲೇ ಇರಲಿಲ್ಲ, ಕಿಟ್ಟ ಮಾತ್ರ ಕರಗಿ ಹರಿದು, ಸ್ಪಂಜಿನಂಥ ಮುದ್ದೆ ಉಳಿಯುತ್ತಿತ್ತು. ಅದನ್ನು ಕೆಂಪಗಿರುವಾಗಲೇ ಬಡಿದು ಬಡಿದು ಒಳಗಿನ ಕಿಟ್ಟ ಹಿಂಡಿ ತೆಗೆಯಬೇಕು. ಹೀಗೆ ಸಿಕ್ಕ ಮೆದು ಕಬ್ಬಿಣವನ್ನು ನಮ್ಮ ಕಸುಬುದಾರರು ಉಕ್ಕಾಗಿಸಿದ ರೀತಿ ಇನ್ನೂ ಜಾಣತನದ್ದು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಅದರ ಜೊತೆ ಒಣ ಕಟ್ಟಿಗೆ ಚೂರು, ಹಸಿ ಎಲೆ ಇಟ್ಟು ಬಾಯಿ ಮೆತ್ತಿ ಕಾಯಿಸುವುದು. ಕಟ್ಟಿಗೆಯ ಇಂಗಾಲ ಕಬ್ಬಿಣದೊಳಗೆ ಇಳಿಯುತ್ತದೆ, ಇಂಗಾಲ ಸೇರಿದ ಕಬ್ಬಿಣ ಕಡಿಮೆ ಕಾವಿಗೇ ಕರಗುತ್ತದೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ಬರೆದಿಟ್ಟಿದ್ದಾರೆ. ಅಂಥ ಉಕ್ಕಿನ ಗುಟ್ಟು ಹುಡುಕಿದವರಲ್ಲಿ ಮೈಕೆಲ್ ಫ್ಯಾರಡೆಯೂ ಒಬ್ಬರು. ಮೂಸೆಗೆ ಹಾಕುತ್ತಿದ್ದ ಕಟ್ಟಿಗೆ ತಂಗಡಿಯದು. ಕಾರ್ಖಾನೆಯ ಬೇಲಿಯಾಚೆ ಬಂಜರಿನಲ್ಲಿ ಅದೇ ತಂಗಡಿ ಹಳದಿ ಹೂ ಬಿಟ್ಟು ನಿಂತಿತ್ತು, ಯಾರೂ ನೀರೆರೆಯದೆ.

ಹಂಪಿಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಎರಡೇ ಸಂಗತಿ ಹೇಳುತ್ತೇನೆ. ಅಲ್ಲಿನ ಬಂಡೆಗಳ ಮೇಲೆ ಹೊಲಿಗೆ ಹಾಕಿದಂತೆ ಸಾಲಾಗಿ ಚೌಕದ ಕುಳಿಗಳಿರುತ್ತವೆ, ಪ್ರವಾಸಿಗರು ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬೆಣೆ ಹೊಡೆದು ಬಂಡೆ ಸೀಳಲು ಮಾಡಿದ ಕುಳಿಗಳವು. ಕೆಲವು ಕಡೆ ಕುಳಿ ಮುಗಿದಿದೆ, ಕಲ್ಲು ಸೀಳಿಲ್ಲ. ಕೆಲಸ ಅರ್ಧಕ್ಕೇ ನಿಂತಿದೆ. ಎರಡನೆಯದು, ರಾಜರ ಆವರಣದ ಮೆಟ್ಟಿಲು ಪುಷ್ಕರಣಿ. 1980ರ ದಶಕದಲ್ಲಿ ಮಣ್ಣು ತೆಗೆದಾಗ ಕಂಡದ್ದು. ಕಪ್ಪು ಶಿಲೆಯ ಐದು ಹಂತ, ಎಲ್ಲಿಯೂ ಗೆರೆ ತಪ್ಪಿಲ್ಲ. ಕಲ್ಲುಗಳನ್ನು ನೋಡಿದರೆ ಅವುಗಳ ಮೇಲೆ ಸಣ್ಣ ಅಕ್ಷರ, ಅಂಕೆಗಳು. ಯಾವ ದಿಕ್ಕು, ಯಾವ ಹಂತ, ಯಾವ ಸಾಲು ಎಂಬ ಗುರುತು. ಅಂದರೆ ಬೇರೆಲ್ಲೋ ಅಳೆದು, ಕೆತ್ತಿ, ನಂಬರು ಹಾಕಿ ತಂದು ಇಲ್ಲಿ ಜೋಡಿಸಿದ್ದಾರೆ. ನಾನು ಹಿರೇಗುಡ್ಡದಿಂದ ಹುಡುಕಿಕೊಂಡು ಬಂದದ್ದು ಇಲ್ಲಿ ಬರಹದಲ್ಲೇ ಸಿಕ್ಕಿತು! ಕೆಲಸವನ್ನು ಹಂಚಿದ ಮೇಲೆ ಬೇರೆ ಬೇರೆ ಕೈಗಳು ಪರಸ್ಪರ ಮಾತಾಡಿಕೊಳ್ಳಲು ಅಕ್ಷರ ಬೇಕಾಯಿತು. ಇಲ್ಲಿ ಅಕ್ಷರ ಶಾಸನಕ್ಕಲ್ಲ, ಕೂಲಿ ಕೆಲಸದ ಅನುಕೂಲಕ್ಕೆ. ಕೆತ್ತಿದವನ ಮತ್ತು ಜೋಡಿಸಿದವನ ನಡುವಿನ ಆ ಪುಟ್ಟ ಚೀಟಿ ಯಾವ ರಾಜನ ಬಿರುದಿಗಿಂತಲೂ ನನಗೆ ಹತ್ತಿರ.

ಕೆಳಗೆ ಬಾಳೆತೋಟಗಳ ನಡುವೆ ತುರ್ತು ಕಾಲುವೆ ಹರಿಯುತ್ತಿತ್ತು. ವಿಜಯನಗರದವರು ತೋಡಿದ್ದು, ಇವತ್ತಿಗೂ ಗದ್ದೆಗೆ ನೀರು ಅದರದೇ. ಅರಮನೆಗಳು ಬಿದ್ದವು, ಕಾಲುವೆ ಕೆಲಸ ಬಿಟ್ಟಿಲ್ಲ.

ದಾರಿಯ ಕೊನೆ ತುಂಗಭದ್ರಾ ಅಣೆಕಟ್ಟು. 1945ರಲ್ಲಿ ಅಡಿಗಲ್ಲು, 1953ರಲ್ಲಿ ನೀರು. ಒಂದು ದಡ ಹೈದರಾಬಾದ್ ಸಂಸ್ಥಾನದ್ದು, ಇನ್ನೊಂದು ಮದರಾಸು ಪ್ರಾಂತ್ಯದ್ದು. ಮದರಾಸಿನ ಕಡೆಯ ಮುಖ್ಯ ಎಂಜಿನಿಯರು ತಿರುಮಲೈ ಅಯ್ಯಂಗಾರ್. ಕಟ್ಟಿದ್ದು ಕಲ್ಲಿನಲ್ಲಿ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ. ಮೇಲೆ 33 ಗೇಟು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೇ ಗೇಟಿನ ಸರಪಳಿ ಕಡಿದು, ಗೇಟು ಕೊಚ್ಚಿ ಹೋಯಿತು. ತುಂಬಿ ನಿಂತ ಜಲಾಶಯ. ಕಾಲುವೆ ನಂಬಿದ ನಾಲ್ಕಾರು ಜಿಲ್ಲೆಗಳ ಬೆಳೆ ಆ ಒಂದು ಕಿಂಡಿಯಲ್ಲಿ ಹೊರಟಿತ್ತು. ನೀರು ಪೂರ್ತಿ ಇಳಿಯಲಿ, ಆಮೇಲೆ ನೋಡೋಣ ಎನ್ನುವಂತಿರಲಿಲ್ಲ. ಗೇಟುಗಳ ಕೆಲಸದಲ್ಲಿ ಪಳಗಿದ, ಎಂಬತ್ತರ ಆಸುಪಾಸಿನ ಕನ್ನಯ್ಯ ನಾಯ್ಡು ಬಂದರು. ರಭಸದಿಂದ ಹರಿಯುವ ನೀರಿನಲ್ಲೇ ನಾಲ್ಕು ನಾಲ್ಕು ಅಡಿ ಎತ್ತರದ ಐದು ಉಕ್ಕಿನ ಹಲಗೆಗಳನ್ನು ಕ್ರೇನಿನಿಂದ ಒಂದರ ಮೇಲೊಂದು ಇಳಿಸುವ ಯೋಜನೆ ಅವರದು. ಹಲಗೆಗಳನ್ನು ಹಗಲು ರಾತ್ರಿ ಬೆಸೆದು ಕೊಟ್ಟದ್ದು ತೋರಣಗಲ್ಲಿನ ಜಿಂದಾಲ್ ಆವರಣದಲ್ಲೂ ಹೊಸಪೇಟೆ ಸುತ್ತಿನ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲೂ ದುಡಿಯುವವರು. ಟ್ರೇಲರಿನ ಮೇಲೆ ಹೇರಿ ಇದೇ ಸೀಮೆಯ ರಸ್ತೆಗಳಲ್ಲಿ ತಂದರು. ಮೊದಲ ಪ್ರಯತ್ನ ಕೂಡಿ ಬರಲಿಲ್ಲ. ಅಳತೆ ತಿದ್ದಿ, ಅಡ್ಡಬಂದ ಭಾಗ ಕತ್ತರಿಸಿ, ಮತ್ತೆ ಇಳಿಸಿದರು. ಆಗಸ್ಟ್ 16ರಂದು ಮೊದಲ ಹಲಗೆ ಕೂತಿತು, ಮರುದಿನಕ್ಕೆ ಐದೂ ಕೂತವು.

‘ಆ ವಾರ ನಮ್ಮ ಕಡೆ ಯಾರೂ ನಿದ್ದಿ ಮಾಡಿಲ್ರಿ ಸರ’ ಎಂದ ಚಾಲಕ, ಹತ್ತೊಂಬತ್ತನೆಯ ಕಿಂಡಿ ಯಾವುದೆಂದು ಎಣಿಸಿ ತೋರಿಸುತ್ತಾ. ಮಳೆ ಕೈಹಿಡಿಯಿತು, ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬಿತು, ಕಾಲುವೆಗೆ ನೀರು ಬಿಟ್ಟರು.